ನನ್ನ ವೈಫೈ ಕಳ್ಳನನ್ನು ನಾನೇ ಹಿಡಿದದ್ದು

ನಮ್ಮ ಮನೆಯ ವೈಫೈಗೆ ಕಳ್ಳ ಹೊಕ್ಕಿದ್ದಾನೆಂದು ಪತ್ತೆ ಹಚ್ಚಿದವನು ಸಾಕ್ಷಾತ್ ನಾನೇ! ಬನಹಟ್ಟಿಯಲ್ಲಿ ಸೀರೆ ವ್ಯಾಪಾರ ಮಾಡುವ ನನಗೆ ಈ ವಿದ್ಯೆಯನ್ನು ಯಾರೂ ಕಲಿಸಿರಲಿಲ್ಲ. ಕಲಿಸಿದ್ದರೆ ಚೆನ್ನಾಗಿತ್ತು.

ಅಂದು ಬೆಳಿಗ್ಗೆ ಗಿರಾಕಿಯೊಬ್ಬರಿಗೆ ವಿಡಿಯೊ ಕಾಲ್‌ನಲ್ಲಿ ಸೀರೆ ತೋರಿಸುತ್ತಿದ್ದೆ. ಸೆರಗು ಹರಡುವಷ್ಟರಲ್ಲಿ ನೆಟ್ ನಿಂತಿತು. ಆಕೆಗೆ ಸೆರಗಿನ ಬದಲು ಬಾಯಿ ತೆರೆದು ನಿಂತ ನನ್ನ ಮುಖವೇ ಕಂಡಿತಂತೆ. ವ್ಯಾಪಾರ ಮುರಿಯಿತು.

ಸಿಟ್ಟಿನಿಂದ ರೌಟರಿನ ಆ್ಯಪ್ ತೆರೆದೆ. ನಮ್ಮ ವೈಫೈಗೆ ಯಾವ ಯಾವ ಸಾಧನ ಸೇರಿಕೊಂಡಿದೆಯೆಂದು ಅದರಲ್ಲಿ ಕಾಣುತ್ತದೆ. ಹೆಂಡತಿ ಶಾಂತಾಳ ಫೋನು ಹೆಸರು ಸಹಿತ ಇತ್ತು. ಉಳಿದ ಎರಡಕ್ಕೆ ಹೆಸರೇ ಇಲ್ಲ, ಬರೀ ಅಕ್ಷರ, ಅಂಕಿ!

“ಶಾಂತಾ, ಇವು ಎದುರುಮನಿ ಈರಪ್ಪನವು. ನಮ್ಮ ನೆಟ್ ಕದ್ದು ನೋಡಾಕತ್ತಾನ.”

“ಮೊದ್ಲು ನಮ್ಮವು ಯಾವು ಅಂತ ನೋಡ್ರಿ.”

“ನನಗಷ್ಟೂ ತಿಳಿಯೂದಿಲ್ಲೇನ?”

ಈರಪ್ಪ ತನ್ನ ಮಗ್ಗದ ಶೆಡ್ಡಿನ ಮುಂದೆ ನಾಲ್ಕು ಮಂದಿಯೊಂದಿಗೆ ಚಹಾ ಕುಡಿಯುತ್ತಿದ್ದ.

“ಏನಪಾ ಈರಪ್ಪ, ಮಂದಿ ನೆಟ್‌ನಾಗ ಸಿನಿಮಾ ಛಲೋ ಕಾಣ್ತೈತೇನ?”

ಅವನಿಗೆ ಅರ್ಥವಾಗಲಿಲ್ಲ. ಇಡೀ ಓಣಿಗೆ ಕೇಳುವಂತೆ ಅರ್ಥ ಮಾಡಿಸಿದೆ. ಅವನು ಕಿಸೆಯಿಂದ ಹಳೆಯ ಬಟನ್ ಫೋನ್ ತೆಗೆದು ತೋರಿಸಿದ.

“ಅಣ್ಣಾರ, ನಮ್ಮನ್ಯಾಗ ಇರೂದು ಇದೊಂದರಿ.”

“ದೊಡ್ಡದು ಒಳಗ ಇಟ್ಟಿರಬೇಕು!”

ಯಾರೋ ನಕ್ಕರು. ಈರಪ್ಪ ನಗಲಿಲ್ಲ.

ಮನೆಗೆ ಬಂದು ವಿಧ್ಯುಕ್ತವಾಗಿ ಉಚ್ಚಾಟನೆ ಆರಂಭಿಸಿದೆ. ಮೊದಲನೆಯದನ್ನು ಬ್ಲಾಕ್ ಮಾಡಿದೆ. ಶಾಂತಾ ನೋಡುತ್ತಿದ್ದ ಅಡುಗೆ ಕಾರ್ಯಕ್ರಮ ಒಗ್ಗರಣೆಯ ನಡುವೆಯೇ ನಿಂತಿತು.

“ಅದು ನಮ್ಮ ಟಿವಿರೀ!”

ಪರವಾಗಿಲ್ಲ, ಇನ್ನೊಂದು ಖಂಡಿತ ಈರಪ್ಪನೇ! ಒತ್ತಿದೆ. ನನ್ನ ಕೈಯಲ್ಲಿದ್ದ ಫೋನಿನ ವೈಫೈ ಹೋಯಿತು. ನನ್ನ ಮನೆಯಿಂದ ನನ್ನನ್ನೇ ಗಡೀಪಾರು ಮಾಡಿದ್ದೆ!

ಶಾಂತಾ ತನ್ನ ಫೋನಿನಿಂದ ಎರಡನ್ನೂ ಮತ್ತೆ ಸೇರಿಸಿದಳು. ನೆಟ್ ನಿಲ್ಲುತ್ತಿದ್ದದ್ದು ಹೊರಗಿನ ವೈರು ಹಾಳಾಗಿ. ಮರುದಿನ ರಿಪೇರಿಯವನು ಬಂದು ಸರಿಮಾಡಿದ.

“ಈರಪ್ಪಗ ತಪ್ಪಾತು ಅಂತ ಹೇಳಿ ಬರ್ರಿ,” ಎಂದಳು ಶಾಂತಾ.

“ಸಂಜಿಗೆ ಹೇಳ್ತೀನಿ.”

ಸಂಜೆಗೆ ಮೊದಲೇ ಅವನೇ ಬಂದ. ವರ್ಷಗಳಿಂದ ಅವನ ಮನೆಯಲ್ಲಿಟ್ಟಿದ್ದ ನಮ್ಮ ಇನ್ನೊಂದು ಕೀಲಿಯನ್ನು ಹೊಸ್ತಿಲ ಮೇಲಿಟ್ಟ.

“ಇದು ನಿಮ್ಮ ಹತ್ರನ ಇರ್ಲಿ ಸಾವಕಾರ್ರ. ನಾಳೆ ಮನ್ಯಾಗ ಏನರ ಕಾಣಲಿಲ್ಲಂದ್ರ ನಾ ಏನು ತೋರಿಸ್ಲಿ?”

ಅಣ್ಣಾರ ಹೋಗಿ ಸಾವಕಾರ್ರ ಆಗಿತ್ತು. ‘ತಪ್ಪಾತು’ ಅನ್ನಲು ನಾನು ಚಪ್ಪಲಿ ಹುಡುಕುವಷ್ಟರಲ್ಲಿ ಅವನು ರಸ್ತೆ ದಾಟಿದ್ದ.

ಮುಂದಿನ ವಾರ ಶಾಂತಾ ಬೀಳಗಿಯ ತವರಿಗೆ ಹೋದಳು. ನಾನು ಹಾಲು ತಂದು ನೋಡಿದರೆ, ಹೊರಬಿದ್ದಾಗ ಎಳೆದ ಬಾಗಿಲು ತಾನಾಗಿ ಲಾಕ್ ಆಗಿತ್ತು. ನನ್ನ ಕೀಲಿಯೂ ಒಳಗೆ, ಈರಪ್ಪ ಕೊಟ್ಟದ್ದೂ ಒಳಗೆ! ಶಾಂತಾ ಬರುವುದು ಸಂಜೆಯ ಬಸ್ಸಿಗೆ. ಎದುರು ಶೆಡ್ಡಿನಲ್ಲಿ ಮಗ್ಗ ಖಟಖಟ ನಡೆದಿತ್ತು. ಈರಪ್ಪ ನನ್ನನ್ನು ನೋಡಿದ, ಮತ್ತೆ ನೂಲಿನ ಕಡೆ ತಿರುಗಿದ.

ಬಿಸಿಲಲ್ಲಿ ಮೆಟ್ಟಿಲ ಮೇಲೆ ಕುಳಿತು ಫೋನ್ ತೆಗೆದೆ. ಮುಚ್ಚಿದ ಬಾಗಿಲಿನ ಆಚೆಯಿಂದ ವೈಫೈ ಭರಪೂರ ಬರುತ್ತಿತ್ತು. ಕೈಯಲ್ಲಿದ್ದ ಹಾಲು ಒಡೆಯುವವರೆಗೂ ನೆಟ್ ಒಮ್ಮೆಯೂ ನಿಲ್ಲಲಿಲ್ಲ!