ನಾಲ್ಕು ತಾಲ್ಲೂಕು, ನಾಲ್ಕು ಅಪೆಂಡಿಕ್ಸು

ಅಪೆಂಡಿಕ್ಸ್ ಆಪರೇಷನ್ ಅಂದರೆ ನಮ್ಮಂಥ ಸರ್ಕಾರಿ ಸರ್ಜನ್‌ಗಳಿಗೆ ದಿನಾ ಹಲ್ಲುಜ್ಜಿದ ಹಾಗೆ. ಹೊಟ್ಟೆನೋವು ಅಂತ ಬರುತ್ತಾರೆ, ಕೊಯ್ದು ತೆಗೆಯುತ್ತೇವೆ, ಹೊಲಿದು ಕಳಿಸುತ್ತೇವೆ. ಆದರೆ ಎಷ್ಟೋ ವರ್ಷಕ್ಕೊಮ್ಮೆ, ತೆಗೆದ ಆ ಕಿರುಬೆರಳಿನಷ್ಟು ಕರುಳಿನೊಳಗೆ ಗಡ್ಡೆಯೊಂದು ಅಡಗಿರುತ್ತದೆ. ದೊಡ್ಡ ದೊಡ್ಡ ಆಸ್ಪತ್ರೆಯವರೂ ಅಪರೂಪ ಎನ್ನುವ ಈ ಗಡ್ಡೆಗಳು ಎಂಬತ್ತು, ತೊಂಬತ್ತರ ದಶಕದಲ್ಲಿ ನಾನು ವರ್ಗವಾಗಿ ಹೋದ ಕಡೆಯಲ್ಲೆಲ್ಲ ಒಂದೊಂದು ಸಿಕ್ಕವು. ಗಡ್ಡೆ ಬಂದಾಗಲೆಲ್ಲ ಅದರ ಬೆನ್ನಿಗೆ ಒಂದು ಫಜೀತಿಯೂ ಬಂತು.

ಶಿಡ್ಲಘಟ್ಟ: ಒಂದೇ ಒಂದು ಗೂಡು

ಶಿಡ್ಲಘಟ್ಟದಲ್ಲಿ ಒಬ್ಬ ರೀಲರ್ ಸಾಹೇಬರಿದ್ದರು. ಮೂವತ್ತು ವರ್ಷ ರೇಷ್ಮೆಗೂಡು ಕೊಂಡು, ಬಿಸಿನೀರಿನಲ್ಲಿ ಬೇಯಿಸಿ, ನೂಲು ತೆಗೆದ ಕೈ ಅವರದು. ಸೊಂಟದ ಕೆಳಗೆ ಮಾತ್ರ ಮರಗಟ್ಟುವ ಇಂಜೆಕ್ಷನ್ ಕೊಟ್ಟು ಅಪೆಂಡಿಕ್ಸ್ ತೆಗೆದಿದ್ದರಿಂದ ಪೂರ್ತಿ ಎಚ್ಚರವಾಗಿದ್ದರು. ಹೊಲಿಗೆ ಮುಗಿಯುತ್ತಿದ್ದ ಹಾಗೆ, "ಡಾಕ್ಟರ್ ಸಾಬ್, ನಮ್ಮ ಮಾಲು ನಮಗೊಂದು ಸಲ ತೋರಿಸಿ" ಅಂದರು.

ಟ್ರೇಯಲ್ಲಿಟ್ಟು ತೋರಿಸಿದೆ. ಅವರು ನೋಡಿ ಸುಮ್ಮನಾಗಲಿಲ್ಲ. ಗೂಡಿನ ಮಾರ್ಕೆಟ್ಟಿನಲ್ಲಿ ಮಾಡುವ ಹಾಗೆ ಎರಡು ಬೆರಳಲ್ಲಿ ಹಿಡಿದು, ಬುಡದಿಂದ ತುದಿಯವರೆಗೆ ಒತ್ತುತ್ತಾ ಹೋದರು. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾರೇನೋ ಅಂತ ಸಿಸ್ಟರ್ ಒಂದು ಹೆಜ್ಜೆ ಮುಂದೆ ಬಂದರು.

"ತುದಿ ಗಟ್ಟಿ ಇದೆ ಸಾಬ್" ಅಂದರು. "ಈ ಮಾಲು ಸರಿ ಇಲ್ಲ."

ನನಗೆ ನಗು ಬಂತು. ಆಮೇಲೆ ನಾನೂ ಒತ್ತಿ ನೋಡಿದೆ, ನಗು ನಿಂತಿತು. ಕಡಲೆಕಾಳಿನಷ್ಟು ಗಂಟು. ಸೀಳಿದರೆ ಒಳಗೆ ಹಳದಿ ಬಣ್ಣ. ಆ ದಿನಗಳಲ್ಲಿ ತೆಗೆದ ಅಪೆಂಡಿಕ್ಸನ್ನೆಲ್ಲ ಪರೀಕ್ಷೆಗೆ ಕಳಿಸುವ ರೂಢಿ ನಮ್ಮಲ್ಲಿರಲಿಲ್ಲ. ಇದನ್ನು ಮಾತ್ರ ಬಾಟಲಿಗೆ ಹಾಕಿ ಬೆಂಗಳೂರಿಗೆ ಕಳಿಸಿದೆ. ಗಡ್ಡೆ ಅಂತಲೇ ವರದಿ ಬಂತು, ಆದರೆ ಚಿಕ್ಕದು, ಬುಡ ಶುದ್ಧ, ಮುಂದೆ ಏನೂ ಬೇಕಿಲ್ಲ ಅಂತ.

ಸಾಹೇಬರನ್ನು ಕರೆಸಿ ವಿಷಯ ಹೇಳಿ, "ನಿಮ್ಮ ಕೈ ಕಂಡುಹಿಡಿಯದೇ ಇದ್ದಿದ್ದರೆ ನಾನು ಬಿಸಾಡಿಬಿಡ್ತಿದ್ದೆ" ಅಂತ ಒಪ್ಪಿಕೊಂಡೆ.

ಅವರು ಬೇಸರದಿಂದ ನನ್ನನ್ನೇ ನೋಡಿದರು. "ಸಾಬ್, ನಾವು ನೂರು ಕೆಜಿ ಲಾಟಿನಲ್ಲೂ ಹತ್ತು ಗೂಡು ಎತ್ತಿ ನೋಡ್ತೀವಿ. ನಿಮ್ಮ ಹತ್ರ ಇದ್ದಿದ್ದೇ ಒಂದು. ಅದನ್ನೂ ನೋಡ್ಲಿಲ್ವಾ?"

ಗೌರಿಬಿದನೂರು: ನಾಯ್ಡು ಅವರಿಗಾಗಿ

ಅಂದಿನಿಂದ ತೆಗೆದದ್ದನ್ನೆಲ್ಲ ಪರೀಕ್ಷೆಗೆ ಕಳಿಸತೊಡಗಿದೆ. ಗೌರಿಬಿದನೂರಿಗೆ ವರ್ಗವಾದ ಮೇಲೆ ಕುಡುಮಲಕುಂಟೆಯ ಫ್ಯಾಕ್ಟರಿಯೊಂದರಲ್ಲಿ ಕೆಲಸಕ್ಕಿದ್ದ ಯುವಕನಿಗೆ ಆಪರೇಷನ್ ಮಾಡಿದೆ. ವರದಿ ಬರುವಷ್ಟರಲ್ಲಿ ಅವನು ಶಿಫ್ಟಿಗೆ ವಾಪಸ್ ಹೋಗಿದ್ದ. ಕೇಳಲು ಬಂದವರು ಅವನ ತಂದೆ, ಆಂಧ್ರದ ಗಡಿಗೆ ಅಂಟಿಕೊಂಡ ಹಳ್ಳಿಯ ರೈತರು. ಹೊರಗೆ ಅರವತ್ತು ಜನ ಕಾಯುತ್ತಿದ್ದರು, ನನಗೆ ಅವಸರ.

"ಕಾರ್ಸಿನಾಯ್ಡ್ ಅಂತ ಬಂದಿದೆ ಯಜಮಾನ್ರೇ" ಅಂದೆ. ಅದು ಆ ಗಡ್ಡೆಯ ಹೆಸರು.

"ಯಾವ ನಾಯ್ಡು ಸಾರ್?"

"ಕಾರ್ಸಿನಾಯ್ಡು. ಬಹಳ ಅಪರೂಪ."

"ಆಂಧ್ರ ಕಡೇನಾ?"

"ಎಲ್ಲಾ ಕಡೇನೂ ಇರುತ್ತೆ. ಹೆದರ್ಕೋಬೇಡಿ, ಇದು ಸಾಧು. ಯಾರಿಗೂ ತೊಂದರೆ ಕೊಡಲ್ಲ."

ಅವರ ಮುಖ ಗಂಟಾಯಿತು. "ದೊಡ್ಡವರನ್ನ ಇದು, ಅದು ಅಂತೀರಲ್ಲ ಸಾರ್" ಅಂದರು. ನನಗೆ ಅರ್ಥವಾಗಲಿಲ್ಲ. ಗಡ್ಡೆಗೂ ಮರ್ಯಾದೆ ಕೊಡುವ ಜನ ಇರಬೇಕು ಅಂದುಕೊಂಡೆ.

"ಒಟ್ಟಿನಲ್ಲಿ ನಿಮ್ಮ ಮಗ ಉಳಿದ. ಅದು ಆಗಲೇ ಹೊರಗೆ ಹೋಗಿಯಾಯ್ತು" ಅಂತ ಹೇಳಿ ಮುಂದಿನವರನ್ನು ಕರೆದೆ. ಅವರು ವರದಿಯ ಮೇಲಿದ್ದ ಲ್ಯಾಬಿನ ವಿಳಾಸವನ್ನು ಕಾಂಪೌಂಡರ್ ಹತ್ತಿರ ಬರೆಸಿಕೊಂಡು ಹೋದರು.

ಹದಿನೈದು ದಿನಕ್ಕೆ ಲ್ಯಾಬಿನ ಡಾಕ್ಟರಿಂದ ಕಾಗದ ಬಂತು. "ನಿಮ್ಮ ಕಡೆಯ ರೈತರೊಬ್ಬರು ಒಂದು ಚೀಲ ಕಡಲೆಕಾಯಿ ಹೊತ್ತು ಬಂದು, ಮಗನನ್ನು ಉಳಿಸಿದ ಕಾರ್ಸಿ ನಾಯ್ಡು ಅವರಿಗೆ ಕೈ ಮುಗಿಯಬೇಕು ಅಂದರು. ಅಂಥವರು ಇಲ್ಲಿ ಇಲ್ಲ ಅಂತ ಎಷ್ಟು ಹೇಳಿದರೂ ಕೇಳಲಿಲ್ಲ. 'ಹೊರಗೆ ಹೋಗಿದ್ದಾರೆ ಅಂತ ನಮ್ಮ ಡಾಕ್ಟ್ರೇ ಹೇಳಿದ್ದಾರೆ, ಬರೋವರೆಗೂ ಕಾಯ್ತೀನಿ' ಅಂತ ಸಂಜೆಯವರೆಗೆ ಬೆಂಚಿನ ಮೇಲೆ ಕೂತಿದ್ದರು. ಕೊನೆಗೆ ಬೇರೆ ದಾರಿ ಕಾಣದೆ ನಾನೇ ನಾಯ್ಡು ಅಂತ ಒಪ್ಪಿಕೊಂಡೆ. ಕಡಲೆಕಾಯಿ ಚೆನ್ನಾಗಿತ್ತು."

ಚಿಕ್ಕಬಳ್ಳಾಪುರ: ಬಾಗಿಲ ಪಕ್ಕದ ಹುಡುಗ

ಇನ್ನೊಬ್ಬರು ಮುದ್ದೇನಹಳ್ಳಿ ಕಡೆಯ ಹೆಡ್‌ಮಾಸ್ಟರು. ಇವರ ಗಡ್ಡೆ ದೊಡ್ಡದಾಗಿತ್ತು. ಕೂತಿದ್ದೂ ಅಪೆಂಡಿಕ್ಸಿನ ಬುಡದಲ್ಲಿ, ದೊಡ್ಡ ಕರುಳಿಗೆ ಸೇರುವ ಜಾಗದಲ್ಲಿ. ಎರಡನೇ ಆಪರೇಷನ್ ಮಾಡಿ ಬಲಗಡೆಯ ಕರುಳನ್ನೂ ಸುತ್ತಲಿನ ಗ್ರಂಥಿಗಳನ್ನೂ ತೆಗೆಯಬೇಕು ಅಂದೆ.

"ಒಬ್ಬ ಹುಡುಗ ತಪ್ಪು ಮಾಡಿದ್ರೆ ಇಡೀ ಕ್ಲಾಸನ್ನೇ ಹೊರಗೆ ಹಾಕ್ತೀರಾ?" ಅಂತ ಕೇಳಿದರು.

"ಮೂಲೇಲಿ ಕೂತಿದ್ರೆ ಬಿಟ್ಟುಬಿಡ್ತಿದ್ದೆ ಮೇಷ್ಟ್ರೇ. ಇವನು ಬಾಗಿಲ ಪಕ್ಕ ಕೂತಿದ್ದಾನೆ."

"ಹಂಗಾದ್ರೆ ಮಾಡಿ. ಅಲ್ಲಿ ಕೂರೋರೇ ಪಕ್ಕದವರನ್ನೂ ಕರ್ಕೊಂಡು ಓಡೋದು" ಅಂದರು.

ಬೆಂಗಳೂರಿನಲ್ಲಿ ನನ್ನ ಗುರುಗಳ ಜೊತೆ ನಿಂತು ಆಪರೇಷನ್ ಮಾಡಿದೆ. ಗ್ರಂಥಿಗಳ ವರದಿಗಾಗಿ ಹತ್ತು ದಿನ ನಾನೇ ಸರಿಯಾಗಿ ಊಟ ಮಾಡಲಿಲ್ಲ. ಹನ್ನೆರಡು ಗ್ರಂಥಿಗಳಲ್ಲಿ ಒಂದರಲ್ಲೂ ಏನೂ ಇರಲಿಲ್ಲ. ಓಡಿಹೋಗಿ ಹೇಳಿದೆ. ಅವರ ಹೆಂಡತಿ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಮೇಷ್ಟ್ರು ಮಾತ್ರ ಕನ್ನಡಕ ಏರಿಸಿ, "ಅಂದ್ರೆ ಹನ್ನೆರಡು ಒಳ್ಳೇ ಹುಡುಗರಿಗೆ ಸುಮ್‌ಸುಮ್ನೆ ಟಿ.ಸಿ. ಕೊಟ್ರಿ" ಅಂದರು.

ಚಿಂತಾಮಣಿ: ಒಂದು ಪದದ ತಿದ್ದುಪಡಿ

ಅಂಬಾಜಿದುರ್ಗದ ಬುಡದ ಹಳ್ಳಿಯಿಂದ ಐವತ್ತೈದು ದಾಟಿದ ಹೆಂಗಸೊಬ್ಬರು ಬಂದರು. ಆರು ತಿಂಗಳಿಂದ ಹೊಟ್ಟೆ ಊದುತ್ತಾ ಊದುತ್ತಾ ತುಂಬು ಬಸುರಿಯಷ್ಟಾಗಿತ್ತು. ಜೊತೆಗೆ ಬಂದ ಸೊಸೆ ನಿಜವಾಗಿಯೂ ಬಸುರಿ. ಹಿಂದೆ, ಟವೆಲ್ ಹೆಗಲ ಮೇಲೆ ಹಾಕಿಕೊಂಡು, ಅತ್ತೆಯ ಗಂಡ.

"ಊರೋರು ನಗ್ತಾರೆ ಸಾರ್" ಅಂದರು ಆಕೆ. "ಅತ್ತೆಗೆ ಮೊದಲಾ ಸೊಸೆಗೆ ಮೊದಲಾ ಅಂತ ಬಾವಿಕಟ್ಟೇಲಿ ಪಂದ್ಯ ಕಟ್ಟವ್ರೆ. ನಾನು ಆರು ತಿಂಗಳಿಂದ ನೀರಿಗೇ ಹೋಗಿಲ್ಲ."

ಹೊಟ್ಟೆ ತೆರೆದಾಗ ಒಳಗೆಲ್ಲ ಎಳೆ ತಾಳೆಕಾಯಿಯ ತಾಟಿನುಂಗಿನಂಥ ಲೋಳೆ. ಅಪೆಂಡಿಕ್ಸಿನಲ್ಲಿ ಬೆಳೆದ ಗಡ್ಡೆ ಒಡೆದು ಹೊಟ್ಟೆ ತುಂಬಾ ಹರಡಿತ್ತು. ನಾನು ಪುಸ್ತಕದಲ್ಲಷ್ಟೇ ಓದಿದ್ದ ಕಾಯಿಲೆ. ಬೇಸಿನ್ ಮೇಲೆ ಬೇಸಿನ್ ಲೋಳೆ ಎತ್ತಿ, ಅಪೆಂಡಿಕ್ಸು, ಅಂಡಾಶಯ ಎರಡನ್ನೂ ತೆಗೆದು, ತೊಳೆದು ಹೊಲಿದೆ. ನಿಧಾನವಾಗಿ ಬೆಳೆಯುವ ಜಾತಿಯದು ಅಂತ ವರದಿ ಬಂತು. ಮತ್ತೆ ಬಂದರೂ ಬರಬಹುದು, ಆರು ತಿಂಗಳಿಗೊಮ್ಮೆ ತೋರಿಸಿಕೊಳ್ಳಿ ಅಂದೆ. ಆಕೆ ಒಂದು ಸಲವೂ ತಪ್ಪಿಸಲಿಲ್ಲ. ನಾನು ಚಿಂತಾಮಣಿ ಬಿಡುವವರೆಗೂ ಗಟ್ಟಿಮುಟ್ಟಾಗಿದ್ದರು.

ಡಿಸ್ಚಾರ್ಜ್ ದಿನ ಆಕೆ ಹಟ ಹಿಡಿದರು. "ಸಾರ್, ನನ್ನ ಹೊಟ್ಟೇಲಿ ಇದ್ದಿದ್ದು ಏನು ಅಂತ ಬರೆದು ಸೀಲ್ ಒತ್ತಿಕೊಡಿ. ಬಾವಿಕಟ್ಟೇಲಿ ಓದಿಸ್ತೀನಿ."

ಕಷ್ಟ ಅರ್ಥವಾಯಿತು. ಸರ್ಕಾರಿ ಲೆಟರ್‌ಹೆಡ್ಡಿನಲ್ಲಿ ಅಚ್ಚ ಕನ್ನಡದಲ್ಲಿ ಬರೆದೆ. 'ಇವರ ಹೊಟ್ಟೆಯಲ್ಲಿ ಮಗು ಇರಲಿಲ್ಲ. ಅಪೆಂಡಿಕ್ಸ್ ಗಡ್ಡೆಯಿಂದ ಬಂದ ಲೋಳೆ ಇತ್ತು.' ಆಕೆ ಅದನ್ನು ಕಣ್ಣಿಗೊತ್ತಿಕೊಂಡು ಹೊರಟರು.

ಅರ್ಧ ಗಂಟೆಯಲ್ಲಿ ಗಂಡ ಒಬ್ಬರೇ ವಾಪಸ್ ಬಂದರು. ಕೈಯಲ್ಲಿ ಅದೇ ಕಾಗದ. ಅಷ್ಟು ದಿನ ಆಸ್ಪತ್ರೆಯಲ್ಲಿದ್ದರೂ ಆ ಮನುಷ್ಯ ನನ್ನ ಹತ್ತಿರ ಒಂದು ಮಾತೂ ಆಡಿರಲಿಲ್ಲ. ಬಾಗಿಲು ಮುಂದೆ ಮಾಡಿ ಸ್ಟೂಲಿನ ತುದಿಯಲ್ಲಿ ಕೂತರು.

"ಕಾಗದದಲ್ಲಿ ಏನಾದ್ರೂ ತಪ್ಪಾಯ್ತಾ ಯಜಮಾನ್ರೇ?"

"ತಪ್ಪೇನಿಲ್ಲ ಸಾರ್." ಟವೆಲ್ಲಿನಿಂದ ಮುಖ ಒರೆಸಿಕೊಂಡರು. "ನಂಗೆ ಅರವತ್ತೆರಡು. ಆರು ತಿಂಗಳಿಂದ ನಾನು ಟೀ ಅಂಗಡಿಗೆ ಹೋದ್ರೆ ಎಲ್ರೂ ಎದ್ದು ಜಾಗ ಬಿಡ್ತಾರೆ. ವಯಸ್ಸಿನ ಹುಡುಗರು ಪಕ್ಕಕ್ಕೆ ಕರೆದು, ಏನು ತಿಂತೀಯ ತಾತಾ ಅಂತ ಕೇಳ್ತಾರೆ. ಹುರುಳಿಕಾಳು ಅಂತ ಹೇಳಿದ್ದೀನಿ. ಈಗ ಊರಲ್ಲಿ ಹುರುಳಿಕಾಳೇ ಸಿಗ್ತಿಲ್ಲ."

"ಅದಕ್ಕೆ ನಾನೇನು ಮಾಡಲಿ?"

ಕಾಗದವನ್ನು ಮೇಜಿನ ಮೇಲೆ ಬಿಡಿಸಿ, ಒಂದು ಪದದ ಮೇಲೆ ಬೆರಳಿಟ್ಟರು. "ಇಲ್ಲಿ 'ಮಗು ಇರಲಿಲ್ಲ' ಅಂತ ಐತಲ್ಲ ಸಾರ್. ಅದನ್ನ 'ಮಗು ನಿಲ್ಲಲಿಲ್ಲ' ಅಂತ ತಿದ್ದೋಕಾಯ್ತದಾ?"