ಮೃತ್ಯುಂಜಯನ ಹಿಮ್ಮಡಿ

ಬರುವ ಆಷಾಢ ಶುಕ್ರವಾರ ಚಾಮುಂಡಿಬೆಟ್ಟಕ್ಕೆ ಮೆಟ್ಟಿಲು ಹತ್ತಿಯೇ ಹೋಗಬೇಕೆಂದು ಭಾನುವಾರ ಬೆಳಿಗ್ಗೆ ಸರ್ವಮಂಗಳಾ ಹೇಳಿದ್ದೇ ತಡ, ಅವಳ ಗಂಡ ಮೃತ್ಯುಂಜಯನ ಹಿಮ್ಮಡಿ ನೋಯತೊಡಗಿತು. ಬಸ್ಸಿಗೆ ನಾಲ್ಕು ಹೆಜ್ಜೆ ಓಡಬೇಕಾದರೆ ಮುಂದಿನ ಬಸ್ಸಿಗೆ ಕಾಯುವ ಆಸಾಮಿ ಅವನು.

"ಅಕಿಲಿಸ್ ನರ ಕಣೇ. ಹುಷಾರಾಗಿರ್ಬೇಕು ಅಂದಿದ್ದಾರೆ ಡಾಕ್ಟ್ರು," ಎಂದ. ಯಾವ ಡಾಕ್ಟರೂ ಅಂದಿರಲಿಲ್ಲ. ಕಡಕೊಳದ ಫ್ಯಾಕ್ಟರಿಯಲ್ಲಿ ಜೊತೆಗಾರ ಅಮರೇಶ ಇದೇ ಹೆಸರು ಹೇಳಿ ವಾರ ರಜೆ ಗಿಟ್ಟಿಸಿದ್ದ.

ಹೆಸರು ಕಿವಿಗೆ ಬಿದ್ದದ್ದೇ, ಪಕ್ಕದ ಮನೆಯ ರಿಟೈರ್ಡ್ ಮೇಷ್ಟ್ರು ಸದಾಶಿವಯ್ಯ ಕಾಫಿ ಲೋಟದ ಸಮೇತ ಬಂದು ಕೂತರು.

"ಅಕಿಲಿಸ್ ಅಂದ್ರೆ ಗ್ರೀಕರ ಮಹಾವೀರ ಕಣಮ್ಮ. ಕೂಸಿಗೆ ಸಾವೇ ಬರಬಾರ್ದು ಅಂತ ತಾಯಿ ಮಾಯದ ಹೊಳೇಲಿ ಅದ್ದಿದ್ಲು. ಕೈಲಿ ಹಿಡ್ಕೊಂಡಿದ್ದ ಹಿಮ್ಮಡಿ ಒಂದು ನೆನೀಲಿಲ್ಲ."

"ಕೈ ಬದಲಾಯ್ಸಿ ಇನ್ನೊಂದ್ಸಲ ಅದ್ದಕ್ಕೇನಾಗಿತ್ತಂತೆ?" ಎಂದಳು ಹಾಲು ಹಾಕಲು ಬಂದ ಬೋರಮ್ಮ.

ಮೇಷ್ಟ್ರಿಗೆ ಇಡೀ ಸರ್ವೀಸಿನಲ್ಲಿ ಯಾರೂ ಈ ಪ್ರಶ್ನೆ ಕೇಳಿರಲಿಲ್ಲ. ಕೇಳಿಸದವರಂತೆ ಮುಂದುವರಿದರು. "ಯುದ್ಧಕ್ಕೆ ಕರೀತಾರೆ ಅಂತ ಹೆಣ್ಣುವೇಷ ಹಾಕಿ ಹುಡುಗೀರ ಮಧ್ಯೆ ಬಚ್ಚಿಟ್ರು. ಬಿಡ್ಲಿಲ್ಲ, ಹುಡುಕಿ ಎಳ್ಕೊಂಡು ಹೋದ್ರು."

ಮೃತ್ಯುಂಜಯನಿಗೆ ಆ ವೀರನ ಮೇಲೆ ಒಡಹುಟ್ಟಿದವನ ಮೇಲಿನಷ್ಟು ಕರುಣೆ ಉಕ್ಕಿತು.

"ಆಮೇಲೆ?" ಎಂದಳು ಸರ್ವಮಂಗಳಾ.

"ಎಂಥೆಂಥವರನ್ನೋ ಗೆದ್ದ. ಕೊನೆಗೆ ಆ ಹಿಮ್ಮಡಿಗೇ ಬಾಣ ತಾಗಿ ಸತ್ತ. ಹೆಸರು ಮಾತ್ರ ಈ ನರಕ್ಕೆ ಉಳೀತು."

ಸರ್ವಮಂಗಳಾ ಗಂಡನ ಹಿಮ್ಮಡಿ ನೋಡಿದಳು. ಮದುವೆಯಾದ ಮೇಲೆ ಅದನ್ನು ಅಷ್ಟು ಆಸ್ಥೆಯಿಂದ ನೋಡಿದ್ದು ಅದೇ ಮೊದಲು. ಕಣ್ಣೊರೆಸಿಕೊಂಡು ದೇವರಮನೆಗೆ ಓಡಿದಳು.

ಮಧ್ಯಾಹ್ನದೊಳಗೆ ಅರ್ಧ ಸಿದ್ಧಾರ್ಥನಗರ ಬಂದುಹೋಯಿತು. ಕಾಲು ನೆಲಕ್ಕೆ ಊರಬಾರದೆಂದು ಅವನನ್ನು ಬಚ್ಚಲಿಗೂ ಕುರ್ಚಿಯಲ್ಲೇ ಹೊತ್ತರು. ಬಂದವರು ತಂದ ಎಣ್ಣೆಯನ್ನೆಲ್ಲ ಸವರಿಸಿಕೊಂಡು ಕಾಲು ಎಣ್ಣೆಗಾಯಿ ಬದನೆಕಾಯಿಯಂತೆ ಹೊಳೆಯತೊಡಗಿತು. ಸಂಜೆ ಬೋರಮ್ಮ ಕೆಂಪಗೆ ಕಾಯಿಸಿದ ಕುಡುಗೋಲು ಹಿಡಿದು ಬಂದಳು.

"ನಮ್ ಇಲವಾಲದ ಕಡೆ ಎತ್ತಿಗೂ ಇದೇ ಮದ್ದು ಸಾಮಿ. ಒಂದ್ ಬರೆ ಎಳುದ್ರೆ ನೋವು ಓಡೋಯ್ತದೆ."

ಓಡಿದ್ದು ಮೃತ್ಯುಂಜಯ. ಕುರ್ಚಿಯಿಂದ ಹಾರಿ, ಕಾಂಪೌಂಡ್ ಜಿಗಿದು, ಮೇಷ್ಟ್ರ ಮಹಡಿ ಮೆಟ್ಟಿಲನ್ನು ಎರಡೆರಡಾಗಿ ಹತ್ತಿ ಮೇಲಿನಿಂದ ಕೂಗಿದ: "ನೋವಿಲ್ಲ ಕಣೇ! ಸುಳ್ಳು ಹೇಳ್ಬುಟ್ಟೆ! ಮೆಟ್ಟಿಲು ಹತ್ತಕ್ಕಾಗಲ್ಲ ಅಂತ!"

ಸರ್ವಮಂಗಳಾ ಕೈಮುಗಿದಳು. ಅವನಿಗಲ್ಲ, ಬೆಟ್ಟದ ದಿಕ್ಕಿಗೆ.

"ತಾಯಿ ಕಣ್ಬಿಟ್ಟಳು ಮೇಷ್ಟ್ರೇ! ಇವ್ರು ಎದ್ದು ಓಡಾಡಿದ್ರೆ ವರ್ಷಪೂರ್ತಿ ಪ್ರತಿ ಶುಕ್ರವಾರ ಮೆಟ್ಟಿಲು ಹತ್ತಿಸ್ತೀನಿ ಅಂತ ಬೆಳಿಗ್ಗೇನೇ ಹರಕೆ ಹೊತ್ತಿದ್ದೆ."

"ಸುಳ್ಳು ಅಂದೆನಲ್ಲೇ!"

"ದೇವರ ವಿಷಯದಲ್ಲಿ ಸುಳ್ಳಾ? ಹಂಗಾದ್ರೆ ತಪ್ಪಾಯ್ತು ಅಂತ ಇನ್ನೊಂದು ವರ್ಷ ಹತ್ತಿ."

ಮೃತ್ಯುಂಜಯ ಬೆಟ್ಟದ ಕಡೆ ನೋಡಿ, ಒಂದೊಂದೇ ಮೆಟ್ಟಿಲು ಇಳಿದು ಬಂದ.

"ಸುಳ್ಳಲ್ಲ. ನೋವಿತ್ತು," ಎಂದ ಮೆಲ್ಲಗೆ. "ಈಗ ವಾಸಿಯಾಗಿದೆ."