ಲಗತ್ತು ಏಳು: ತಾತ, ಮೂಲಪ್ರತಿ

ಈ ಮೂಲಕ ಎಲ್ಲರ ಗಮನಕ್ಕೆ ತರುವುದೇನೆಂದರೆ, ಕಳೆದ ಹದಿನಾಲ್ಕು ತಿಂಗಳಿಂದ ನಾನು ಒಂದು ದಾಖಲೆಯಾಗಿದ್ದೇನೆ. ನಕಲಲ್ಲ, ಮೂಲಪ್ರತಿ. ವೀಸಾ ಕಚೇರಿಯ ದಾಖಲೆ ಕೋಣೆಯಲ್ಲಿ, ಕಿಟಕಿಯಿಂದ ಮೂರನೇ ಕಪಾಟಿನ ಪಕ್ಕ, ಬೆಳಗ್ಗೆ ಹತ್ತರಿಂದ ಸಂಜೆ ಐದೂವರೆವರೆಗೆ ನಾನು ಪರಿಶೀಲನೆಗೆ ಲಭ್ಯ. ರಜಾದಿನಗಳಲ್ಲಿ ಮನೆಯಲ್ಲಿರಲು ಅನುಮತಿಯಿದೆ. ಮಡಚಬಾರದು, ಒದ್ದೆ ಮಾಡಬಾರದು ಎಂದು ಮಗಳಿಗೆ ಲಿಖಿತ ಸೂಚನೆ ಹೋಗಿದೆ. ಬೆನ್ನು ಮೊದಲೇ ಮಡಚಿಕೊಂಡಿತ್ತೆಂದು ಅವಳೂ ಲಿಖಿತ ಉತ್ತರ ಕೊಟ್ಟಿದ್ದಾಳೆ.

ಇಷ್ಟೆಲ್ಲ ಆದದ್ದು ನನ್ನ ಮೊಮ್ಮಗಳ ಓದಿಗಾಗಿ. ಸೇತುವೆಗಳು ಯಾಕೆ ಬೀಳುತ್ತವೆ ಎಂಬುದನ್ನು ಕಲಿಯಲು ಅವಳಿಗೆ ಪರದೇಶದ ಕಾಲೇಜೊಂದರಲ್ಲಿ ಸೀಟು ಸಿಕ್ಕಿತ್ತು. ಬೀಳುವ ಸೇತುವೆಗಳು ನಮ್ಮ ಕಡೆಯೇ ಜಾಸ್ತಿ, ಆದರೆ ಪಾಠ ಅಲ್ಲಿ. ಫೀಸು ಕಾಲೇಜಿನವರದೇ. ಅಂಕಪಟ್ಟಿ, ಪೊಲೀಸರ ಪತ್ರ, ಎರಡೂ ಕಿವಿ ಕಾಣುವ ಫೋಟೊ, ಎಲ್ಲ ಸರಿಯಿತ್ತು. ಒಂದೇ ಒಂದು ಕೊರತೆ ಬರೆದು ಅರ್ಜಿ ಹಿಂದಿರುಗಿಸಿದರು: "ವ್ಯಾಸಂಗದ ನಂತರ ಅರ್ಜಿದಾರರು ಸ್ವದೇಶಕ್ಕೆ ಮರಳುವರೆಂಬುದಕ್ಕೆ ಬಲವಾದ ಕಾರಣವನ್ನು ಲಗತ್ತಿಸಿರುವುದಿಲ್ಲ."

ಉಳಿದವರು ಮನೆಪತ್ರ ತೋರಿಸುತ್ತಾರಂತೆ, ಅಂಗಡಿ ತೋರಿಸುತ್ತಾರಂತೆ. ನಾವಿರುವುದು ಟೈಲರ್ ಅಂಗಡಿಯ ಮೇಲೆ ಎರಡು ಬಾಡಿಗೆ ಕೋಣೆ. ಕಿಟಕಿ ತೆಗೆದರೆ ಹೊಲಿಗೆ ಯಂತ್ರದ ಸದ್ದು, ಮುಚ್ಚಿದರೆ ನನ್ನ ಸದ್ದು. ಹಾಗಂತ ಮಗಳ ದೂರು. ಅವಳು ಆಸ್ಪತ್ರೆಯ ಲಾಂಡ್ರಿಯಲ್ಲಿ ದಿನಕ್ಕೆ ಇನ್ನೂರು ಹೊದಿಕೆ ಮಡಚುವವಳು, ಮಾತಿಗೆ ಪುರುಸೊತ್ತಿಲ್ಲ. ಕಚೇರಿಗೆ ಹೊರಟಾಗ ನನಗೆ ಒಂದೇ ಮಾತು ಹೇಳಿದ್ದಳು, "ಅಪ್ಪ, ದಮ್ಮಯ್ಯ, ಅಲ್ಲಿ ಬಾಯಿ ಬಿಡಬೇಡ."

ಬಿಟ್ಟೆ. ಗಾಜಿನ ಹಿಂದೆ ಕೂತಿದ್ದ ಮೇಡಂ ಮೊಮ್ಮಗಳನ್ನು, ಇಲ್ಲಿಗೆ ವಾಪಸ್ ಬರೋಕೆ ನಿನಗೆ ಏನಿದೆಯಮ್ಮ ಎಂದು ಕೇಳಿದರು. ಹುಡುಗಿ ಯೋಚಿಸುತ್ತಿದ್ದಳು. ಯೋಚಿಸುವುದು ನನ್ನ ಅಭ್ಯಾಸವಲ್ಲ.

"ಯಾಕೆ, ನಾನಿಲ್ವಾ?" ಅಂದೆ.

ಮೇಡಂ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಆಮೇಲೆ ಪಟ್ಟಿಯ ಏಳನೇ ಸಾಲಿನಲ್ಲಿ ಬರೆದರು: ತಾತ, ಒಂದು, ಮೂಲಪ್ರತಿ.

ದಾಖಲೆಗಳನ್ನು ಗಾಜಿನ ಕೆಳಗಿನ ಕಿಂಡಿಯ ಮೂಲಕವೇ ಸಲ್ಲಿಸತಕ್ಕದ್ದೆಂದು ನಿಯಮ. ಕಿಂಡಿ ನಾಲ್ಕು ಬೆರಳು ಎತ್ತರ. ಪ್ರಾಯದಲ್ಲಾಗಿದ್ದರೆ ನಾನು ಇಲಿಯ ಬಿಲದಲ್ಲೂ ತೂರುತ್ತಿದ್ದವನು. ಆ ದಿನ ಬಲಗೈ ಮೊಣಕೈವರೆಗೆ ಮಾತ್ರ ಹೋಯಿತು. ಮೇಡಂ ಅದರ ಮೇಲೆ ತಾರೀಖಿನ ಮುದ್ರೆ ಒತ್ತಿ, "ಭಾಗಶಃ ಸ್ವೀಕರಿಸಲಾಗಿದೆ, ಉಳಿದದ್ದು ಪಕ್ಕದ ಬಾಗಿಲಿನಿಂದ" ಎಂದು ರಸೀದಿ ಕೊಟ್ಟರು. ನಂತರ ದೃಢೀಕರಣ. ಮೂಲದೊಂದಿಗೆ ಹೋಲಿಸಿ ಸಹಿ ಮಾಡಬೇಕಾದ ಅಧಿಕಾರಿಗಳು ನನ್ನನ್ನು ಕನ್ನಡಿಯ ಮುಂದೆ ನಿಲ್ಲಿಸಿ, ಎರಡನ್ನೂ ಬಹಳ ಹೊತ್ತು ಹೋಲಿಸಿ, ಕನ್ನಡಿಯದೇ ಸ್ವಲ್ಪ ಸ್ಪಷ್ಟವಾಗಿದೆ ಎಂದು ಷರಾ ಬರೆದರು.

ಪರದೇಶದವರಿಗೆ ಅರ್ಥವಾಗುವಂತೆ ಭಾಷಾಂತರವೂ ಆಗಬೇಕಿತ್ತು. ಅದಕ್ಕೊಬ್ಬ ಸಣಕಲು ಭಾಷಾಂತರಕಾರನನ್ನು ಕೂರಿಸಿದರು. ದಾಖಲೆಯಲ್ಲಿ ಏನಿದೆ ಅದನ್ನು ಬಿಡದೆ ಹೇಳಿ ಅಂದ. ಇಡೀ ಆಯುಷ್ಯದಲ್ಲಿ ನನಗೆ ಹಾಗಂದವನು ಅವನೊಬ್ಬನೇ. ಐದು ದಿನ ಹೇಳಿದೆ. ನಲವತ್ತು ಪುಟವಾಯಿತು. ಕೊನೆಗೆ ಪೆನ್ನು ಬಿಟ್ಟು, ನೋಯುವ ಬೆರಳಿಗೆ ಉಫ್ ಉಫ್ ಎಂದು ಗಾಳಿ ಊದುತ್ತ ಎದ್ದುಹೋದ.

ಬಾಯಿ ಬಿಟ್ಟರೆ ಬಣ್ಣಗೇಡು ಅಂತಾರಲ್ಲ, ಅದು ಅಂಚೆಯಲ್ಲಿ ಬಂತು. ತಪಾಸಣಾ ಶಾಖೆಯವರು ನಲವತ್ತೂ ಪುಟ ಓದಿದ್ದರು. "ಪುಟ ಹನ್ನೆರಡರಲ್ಲಿ ದಾಖಲೆಯು ಒಂದೇ ಕೈಯಲ್ಲಿ ಬಸ್ಸನ್ನು ಹಳ್ಳದಿಂದ ಎತ್ತಿರುತ್ತದೆ. ಪುಟ ಹದಿಮೂರರಲ್ಲಿ ಅದೇ ದಿನ ಅದೇ ಕೈ ಮುರಿದು ಆಸ್ಪತ್ರೆಯಲ್ಲಿರುತ್ತದೆ. ಸುಳ್ಳು ದಾಖಲೆ ಸಲ್ಲಿಸಿದ ಅರ್ಜಿದಾರರಿಗೆ ಹತ್ತು ವರ್ಷ ವೀಸಾ ನಿಷೇಧಿಸಲು ಅವಕಾಶವಿದ್ದು, ಏಳು ದಿನಗಳೊಳಗೆ ದಾಖಲೆಯು ಖುದ್ದಾಗಿ ಹಾಜರಾಗಿ ತಿದ್ದುಪಡಿ ಮಾಡಿಕೊಳ್ಳುವುದು."

ಕಾಲೇಜು ಶುರುವಾಗಲು ಹತ್ತೊಂಬತ್ತು ದಿನವಿತ್ತು. ಮಗಳು ಬೈಯಲಿಲ್ಲ. ತಟ್ಟೆ ಇಟ್ಟು, ಬಡಿಸಿ, ಒಳಗೆ ಹೋದಳು. ಬೈದಿದ್ದರೆ ಎರಡು ತುತ್ತು ಹೆಚ್ಚಾಗಿಯೇ ಉಣ್ಣುತ್ತಿದ್ದೆ.

ವಿಚಾರಣೆಯ ಕೋಣೆಯಲ್ಲಿ ವೀಸಾ ಸಾಹೇಬರು, ಮೇಡಂ, ನಾನು ಮತ್ತು ಮೊಮ್ಮಗಳು. ಸಾಹೇಬರು ಒಂದೊಂದೇ ಪುಟ ಓದುವುದು, ನಾನು ಹೊಡೆದುಹಾಕಿ ಸ್ವಾಮಿ ಅನ್ನುವುದು. ಬಸ್ಸನ್ನು ಎತ್ತಿದ್ದು ಪ್ರಯಾಣಿಕರು. ನಾನು ದಂಡೆ ಮೇಲೆ ನಿಂತು ಹೈಸಾ ಅಂದಿದ್ದೆ, ಆ ರಭಸಕ್ಕೆ ಜಾರಿ ಬಿದ್ದು ಕೈ ಮುರಿಯಿತು. ಮಂತ್ರಿಗಳು ಕಾರು ನಿಲ್ಲಿಸಿ ನನ್ನ ಸಲಹೆ ಕೇಳಿದ್ದು ನಿಜ. ಕೇಳಿದ್ದು ದಾರಿ, ನಾನು ಹೇಳಿದ್ದು ತಪ್ಪು ದಾರಿ. ಪುಟ ಇಪ್ಪತ್ತೊಂದರಲ್ಲಿ ನನ್ನನ್ನು ಮೊಸಳೆ ನುಂಗಿತ್ತು. ಮೊಸಳೆಯಲ್ಲ ಸ್ವಾಮಿ, ಕಾಲುವೆಯ ತೂಬು, ಅದೂ ಸೊಂಟದವರೆಗೆ. ಎಪ್ಪತ್ತೆರಡು ವರ್ಷ ಕಷ್ಟಪಟ್ಟು ಬೆಳೆಸಿದ ಮನುಷ್ಯ ಮುಕ್ಕಾಲು ಗಂಟೆಯಲ್ಲಿ ಅರ್ಧ ಪುಟಕ್ಕೆ ಇಳಿದ.

ಓದು ಬಾರದೆಯೇ ಓದಿದವರನ್ನು ಸೋಲಿಸಿದವನು ನಾನು ಎಂಬ ಸಾಲು ಉಳಿದಿತ್ತು. ಅದನ್ನೂ ಹೊಡೆಸಿದೆ, ಓದು ಅಷ್ಟಿಷ್ಟು ಬರುತ್ತಿತ್ತು. ಮೊಮ್ಮಗಳನ್ನು ದಿನಾ ಶಾಲೆಗೆ ಬಿಟ್ಟು, ಸಂಜೆವರೆಗೆ ಗೋಡೆಯ ಹೊರಗೆ ಕೂರುತ್ತಿದ್ದೆ. ಒಳಗೆ ಮೇಷ್ಟ್ರು ಹೇಳಿಕೊಟ್ಟದ್ದು ಹೊರಗೂ ಕೇಳುತ್ತಿತ್ತು, ಕಡ್ಡಿಯಲ್ಲಿ ಮಣ್ಣಿನ ಮೇಲೆ ಬರೆಯುತ್ತಿದ್ದೆ. ಸಂಜೆ ಅವಳ ಪುಸ್ತಕ ಇಸಕೊಂಡು ತಪ್ಪು ನೋಡಿಕೊಳ್ಳುತ್ತಿದ್ದೆ. ಮೂರನೇ ತರಗತಿವರೆಗೆ ಹೀಗೇ ಬಂತು. ನಾಲ್ಕನೆಯದು ಮಹಡಿ ಮೇಲಿತ್ತು. ನನ್ನ ವಿದ್ಯಾಭ್ಯಾಸ ಅಲ್ಲಿಗೆ ನಿಂತಿತು.

ಮೊಮ್ಮಗಳು ನನ್ನ ಕಡೆ ತಿರುಗಿದಳು. ಇದು ಅವಳಿಗೂ ಗೊತ್ತಿರಲಿಲ್ಲ.

ಸಾಹೇಬರು ಉಳಿದ ಅರ್ಧ ಪುಟವನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು ನಿಟ್ಟುಸಿರುಬಿಟ್ಟರು. ಅವರು ಒಳ್ಳೆಯ ಮನುಷ್ಯರೇ.

"ಈಗ ದಾಖಲೆ ಸರಿಯಾಗಿದೆ ಯಜಮಾನ್ರೇ. ಆದ್ರೆ ಇಷ್ಟಕ್ಕೆ ಯಾರೂ ವಾಪಸ್ ಬರಲ್ಲ."

ನನಗೂ ಹಾಗೇ ಅನ್ನಿಸಿತು. ಆಗ ಮೊಮ್ಮಗಳು ಎದ್ದು ನಿಂತಳು.

"ಸಾರ್, ಇಪ್ಪತ್ತೊಂದನೇ ಪುಟ ವಾಪಸ್ ಸೇರಿಸಿ."

"ಅದು ಸುಳ್ಳು ಅಂತ ಈಗ ತಾನೇ ಅವರೇ ಒಪ್ಕೊಂಡ್ರಲ್ಲಮ್ಮ."

"ಸುಳ್ಳೇ ಸಾರ್. ಆದ್ರೆ ಮುಗಿದಿಲ್ಲ. ಮೊಸಳೆ ಹೊಟ್ಟೆ ಒಳಗೆ ತಾತ ಹೋದಾಗ ಅಲ್ಲಿ ಮೊದಲೇ ಒಬ್ಬರು ಕೂತಿದ್ರಂತೆ. ಯಾರು ಅಂತ ನಾನು ಆರು ವರ್ಷದವಳಿದ್ದಾಗಿನಿಂದ ಕೇಳ್ತಾ ಇದ್ದೀನಿ. ಇನ್ನೂ ಹೇಳಿಲ್ಲ. ಅದನ್ನ ತಿಳ್ಕೊಳ್ಳದೆ ನಾನು ಎಲ್ಲೂ ಹೋಗಿ ಇರೋಕಾಗಲ್ಲ."

ಮೇಡಂ ಟೈಪು ಮಾಡುವುದನ್ನು ನಿಲ್ಲಿಸಿದರು. ಸಾಹೇಬರು ಕನ್ನಡಕ ತೆಗೆದರು.

"ಯಾರು ಕೂತಿದ್ದದ್ದು?"

ಹೇಳಲು ಬಾಯಿ ತೆರೆದೆ. ಮೊಮ್ಮಗಳು ನನ್ನ ಕಾಲು ತುಳಿದಳು. ನಿಜ ಹೇಳಬೇಕೆಂದರೆ ನನಗೂ ಗೊತ್ತಿಲ್ಲ. ಅವತ್ತು ಹುಡುಗಿ ಊಟಕ್ಕೆ ಏಳಲಿ ಅಂತ ಕಥೆಯನ್ನು ಅಲ್ಲಿಗೆ ನಿಲ್ಲಿಸಿದ್ದೆ. ಹದಿನಾರು ವರ್ಷ ತಲೆ ಕೆರೆದರೂ ಯಾರೂ ಹೊಳೆದಿಲ್ಲ.

ನಾಲ್ಕನೇ ದಿನ ವೀಸಾ ಬಂತು. ಜೊತೆಗೆ ಆದೇಶ: "ಮೊಸಳೆಯ ಉದರದಲ್ಲಿದ್ದ ವ್ಯಕ್ತಿಯ ಗುರುತನ್ನು ಅರ್ಜಿದಾರರು ವ್ಯಾಸಂಗ ಮುಗಿಸಿ ಮರಳುವವರೆಗೆ ಯಾರಿಗೂ ತಿಳಿಸತಕ್ಕದ್ದಲ್ಲ. ಸೋರಿಕೆಯನ್ನು ತಡೆಯುವ ದೃಷ್ಟಿಯಿಂದ ದಾಖಲೆಯನ್ನು ಕಚೇರಿಯ ಸುಪರ್ದಿಗೆ ಪಡೆಯಲಾಗಿದೆ."

ಹುಡುಗಿ ಹೋದಳು. ನಾನು ಕಪಾಟಿನ ಪಕ್ಕ ಕೂತೆ. ಇಲ್ಲಿ ಸುಖವೇ. ದಾಖಲೆಪಾಲಕರು ಬೆಳಗ್ಗೆ ನನಗೆ ಹಾಜರಿ ಹಾಕಿ, ಮಧ್ಯಾಹ್ನ ಊಟದ ಡಬ್ಬಿ ತೆರೆದು ನನ್ನೆದುರು ಕೂರುತ್ತಾರೆ. ಗಂಡಸಾ ಹೆಂಗಸಾ ಅಷ್ಟಾದರೂ ಹೇಳಿ ಅನ್ನುತ್ತಾರೆ. ಆದೇಶ ತೋರಿಸುತ್ತೇನೆ. ನನ್ನ ನೋಡಿ ಈಗ ಬೇರೆಯವರೂ ಅಜ್ಜ ಅಜ್ಜಿಯರನ್ನು ಲಗತ್ತಿಸುತ್ತಿದ್ದಾರೆ. ಎರಡನೇ ಕಪಾಟಿನ ಅಜ್ಜಿ ದೆವ್ವದ ಕಥೆಯಲ್ಲಿ ಬಾಗಿಲವರೆಗೆ ಮಾತ್ರ ಬಂದಿದ್ದಾರೆ. ಅವರ ಮೊಮ್ಮಗ ವಾರಕ್ಕೆರಡು ಬಾರಿ ಫೋನು ಮಾಡುತ್ತಾನಂತೆ. ನನ್ನವಳು ಮೂರು ಬಾರಿ. ಇದು ಉತ್ಪ್ರೇಕ್ಷೆಯಲ್ಲ, ರಿಜಿಸ್ಟರಿನಲ್ಲಿದೆ.

ಕಳೆದ ತಿಂಗಳು ತನಿಖೆಗೆ ಬಂದ ಹೊಸ ಅಧಿಕಾರಿಗಳು ಒಂದು ಆಕ್ಷೇಪಣೆ ಎತ್ತಿದರು. ನಾನು ಕೆಮ್ಮುತ್ತಿದ್ದಾಗಲೇ ಅವರು ಒಳಬಂದದ್ದು. "ದಾಖಲೆಯು ಹಳೆಯದಾಗಿದ್ದು, ಅಂಚುಗಳು ಸವೆದಿರುತ್ತವೆ. ವ್ಯಾಸಂಗ ಮುಗಿಯಲು ಇನ್ನೂ ಹತ್ತು ತಿಂಗಳಿದೆ. ಅಲ್ಲಿಯವರೆಗೆ ಈ ದಾಖಲೆ ಉಳಿಯುವುದೆಂಬ ಖಾತ್ರಿಯನ್ನು ಒದಗಿಸದಿದ್ದಲ್ಲಿ ವೀಸಾ ರದ್ದುಪಡಿಸಲಾಗುವುದು." ಖಾತ್ರಿ ಪತ್ರಕ್ಕೆಂದು ಕರೆಸಿದ ಡಾಕ್ಟರು ನನ್ನ ಎದೆಗೆ ಕೊಳವೆ ಇಟ್ಟು ಆಲಿಸಿ, ಹತ್ತು ತಿಂಗಳಿಗೆ ಬರೆದುಕೊಡೋಕಾಗಲ್ಲ, ಬೇಕಾದರೆ ಮೂರಕ್ಕೆ ಕೊಡುತ್ತೇನೆ ಅಂದರು. ಆ ಮೂರು ತಿಂಗಳನ್ನು ನಾನು ಮನೆಯಲ್ಲಿ ಹೇಳಲಿಲ್ಲ. ಹೇಳದೆ ಬಿಟ್ಟ ನನ್ನ ಮೊದಲ ಕಥೆ ಅದು.

ಕಚೇರಿಯಿಂದಲೇ ಮೊಮ್ಮಗಳಿಗೆ ಫೋನು ಹೋಯಿತು. ಸಾಹೇಬರ ಮೇಜಿನ ಮೇಲೆ, ಎಲ್ಲರಿಗೂ ಕೇಳುವಂತೆ. ಸಾಹೇಬರು ಆಕ್ಷೇಪಣೆಯನ್ನು ಡಾಕ್ಟರ ಷರಾ ಸಮೇತ ಓದಿದರು. ಲೈನು ಹೋಯಿತೇನೋ ಎಂದು ಮೇಡಂ ವೈರು ಅಲ್ಲಾಡಿಸಿದರು.

"ತಾತ, ಅಲ್ಲಿದ್ದೀಯಾ?"

"ಇದ್ದೀನಮ್ಮ, ಸುಪರ್ದಿಯಲ್ಲಿ."

"ಇಲ್ಲೊಂದು ಹಳೇ ಸೇತುವೆ ಇದೆ ತಾತ. ಎಂಟು ಕಂಬ. ಏಳಕ್ಕೆ ಮಾತ್ರ ತಳಪಾಯ ಇದೆ, ಎಂಟನೇದಕ್ಕೆ ಇಲ್ಲವೇ ಇಲ್ಲ. ಆದ್ರೂ ಮುನ್ನೂರು ವರ್ಷದಿಂದ ಬಿದ್ದಿಲ್ಲ. ನಿನ್ನೆ ನಾನು ನೀರೊಳಗೆ ಇಳಿದು ನೋಡಿದೆ. ಆ ಕಂಬವನ್ನ ಕೆಳಗಿನಿಂದ ಒಬ್ಬರು ಹೆಗಲ ಮೇಲೆ ಹೊತ್ಕೊಂಡು ನಿಂತಿದ್ರು. ನನ್ನ ನೋಡಿ ನಕ್ಕು, ನಿನ್ನ ಹೆಸರು ಹಿಡಿದು ಕೇಳಿದ್ರು."

"ನನ್ನ ಹೆಸರಾ? ಯಾರೇ ಅದು?"

"ಬಂದಮೇಲೆ ಹೇಳ್ತೀನಿ," ಅಂದಳು. ಫೋನಿಟ್ಟಳು.

ಶುದ್ಧ ಸುಳ್ಳು. ಹೊಡೆದುಹಾಕಿ ಎಂದು ಯಾರಾದರೂ ಹೇಳುತ್ತಾರೇನೋ ಅಂತ ಸುತ್ತ ನೋಡಿದೆ. ಯಾರೂ ಹೇಳಲಿಲ್ಲ. ತನಿಖಾಧಿಕಾರಿಗಳು, ಯಾರಿರಬಹುದು ಅಂತ ನನ್ನನ್ನೇ ಕೇಳಿದರು. ಗೊತ್ತಿಲ್ಲ, ಹತ್ತು ತಿಂಗಳು ಕಾಯದೆ ನನಗೆ ಬೇರೆ ದಾರಿಯೇ ಇಲ್ಲ ಅಂದೆ. ಖಾತ್ರಿ ಸಮರ್ಪಕವಾಗಿದೆ ಎಂದು ಅವರು ಬರೆದುಕೊಂಡರು. ದಾಖಲೆಪಾಲಕರು ನನ್ನ ತೋಳು ಮೇಲೆತ್ತಿ, "ಅವಧಿ ವಿಸ್ತರಿಸಲಾಗಿದೆ" ಎಂಬ ಮುದ್ರೆ ಒತ್ತಿ, ಶಾಯಿ ಒಣಗಲೆಂದು ಊದಿ, ನನ್ನನ್ನು ಸ್ವಸ್ಥಾನದಲ್ಲಿರಿಸಿದರು.